ಸಂತಾನಹರಣವೂ ನಾಳಪುನಸ್ಸಂಧಾನವೂ: ಮಲೆನಾಡಿನ ಕಡೆಯಿಂದ ನೋಡಿದ ಒಂದು ಚರಿತ್ರೆ

೧

‘ಸಂತಾನಹರಣ ಶಸ್ತ್ರಚಿಕಿತ್ಸೆ’ ಎಂಬ ಮಾತು ನಮ್ಮ ನಾಡಿನ ಸರ್ಕಾರಿ ಕಾಗದಪತ್ರಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಆಸ್ಪತ್ರೆಗಳ ಗೋಡೆಗಳ ಮೇಲೆಯೂ ಬಹುಕಾಲದಿಂದ ಬಳಕೆಯಲ್ಲಿದೆ. ನಿತ್ಯವೂ ಕಣ್ಣಿಗೆ ಬೀಳುವ ಮಾತಾದುದರಿಂದ ಅದರ ಅರ್ಥವನ್ನು ಬಿಡಿಸಿ ನೋಡುವವರು ವಿರಳ. ಸಂಸ್ಕೃತದಲ್ಲಿ ‘ಹರಣ’ವೆಂದರೆ ಕಿತ್ತುಕೊಳ್ಳುವುದು, ಒಯ್ಯುವುದು, ಕಳೆಯುವುದು. ಕಳೆಯತಕ್ಕ ವಸ್ತು ಅನಿಷ್ಟವಾಗಿದ್ದರೆ ಪದಕ್ಕೆ ಮಂಗಳಾರ್ಥವುಂಟು. ಪಾಪಹರಣ, ಶ್ರಮಹರಣ ಎಂಬುವು ಇದಕ್ಕೆ ಉದಾಹರಣೆಗಳು. ವಸ್ತು ಇಷ್ಟವಾದುದಾದರೆ ಅದೇ ಪದಕ್ಕೆ ಕ್ರೌರ್ಯದ ಅರ್ಥ ಬರುತ್ತದೆ. ದ್ರವ್ಯಹರಣ, ವಸ್ತ್ರಾಪಹರಣ, ಸೀತಾಪಹರಣ ಎಂಬಲ್ಲಿ ಇದನ್ನು ಕಾಣಬಹುದು. ಸಂತಾನವು ಈ ಎರಡು ಪಂಕ್ತಿಗಳಲ್ಲಿ ಯಾವುದಕ್ಕೆ ಸೇರಿದುದೆಂಬುದನ್ನು ಆ ಸಮಾಸವನ್ನು ರಚಿಸಿದವರು ಯೋಚಿಸಿದಂತೆ ತೋರುವುದಿಲ್ಲ. ಆ ಶಸ್ತ್ರಕ್ರಿಯೆಯಿಂದ ಹೋಗುವುದು ಮುಂದೆ ಹೆರುವ ಶಕ್ತಿಯೇ ಹೊರತು ಹುಟ್ಟಿರುವ ಮಕ್ಕಳಲ್ಲ. ಆದುದರಿಂದ ‘ಸಂತಾನಶಕ್ತಿಹರಣ’ವೆಂದಿದ್ದರೆ ಅರ್ಥವು ಸರಿಹೋಗುತ್ತಿತ್ತು. ಮಾತು ಮೊಟಕಾದಂತೆ ಅದರ ಮೊನೆ ಹರಿತವಾಯಿತು.

ಈ ಸಮಾಸಕ್ಕೆ ಎದುರುಮಾತನ್ನು ಹುಡುಕಿದರೆ ನಮ್ಮ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಕಟ್ಟಿ ಕತ್ತರಿಸಿದ ನಾಳವನ್ನು ಮರಳಿ ಕೂಡಿಸಿ ಗರ್ಭಧಾರಣೆಗೆ ದಾರಿಮಾಡುವ ಶಸ್ತ್ರಕ್ರಿಯೆಯೊಂದು ಉಂಟಷ್ಟೆ. ಅದನ್ನು ಕೆಲವರು ‘ಮರುಜೋಡಣೆ’ಯೆಂದೂ, ಕೆಲವರು ‘ಪುನರ್ನಾಳೀಕರಣ’ವೆಂದೂ, ಬಹುಮಂದಿ ‘ರೀಕ್ಯಾನಲೈಸೇಷನ್’ ಎಂದೂ ಕರೆಯುವರು. ಯಾವುದೊಂದೂ ನೆಲೆಯಾಗಿ ನಿಂತಿಲ್ಲ. ಈ ಲೇಖನದಲ್ಲಿ ಅನುಕೂಲಕ್ಕಾಗಿ ‘ನಾಳಪುನಸ್ಸಂಧಾನ’ವೆಂಬ ಮಾತನ್ನು ಬಳಸಿದೆ. ಕಳೆಯುವ ಕ್ರಿಯೆಗೆ ಅಚ್ಚಾದ ಹೆಸರೊಂದು ಇದ್ದು, ಹಿಂದಿರುಗಿಸುವ ಕ್ರಿಯೆಗೆ ಹೆಸರು ನಿಲ್ಲದೆ ಇರುವುದು ಕೇವಲ ಭಾಷೆಯ ಆಕಸ್ಮಿಕವಲ್ಲ. ಮೊದಲನೆಯದನ್ನು ರಾಜ್ಯವು ಯೋಜನೆಯಾಗಿ ಕೈಕೊಂಡು, ಎಣಿಸಿ, ಊರೂರಿಗೆ ಒಯ್ದಿತು. ಎರಡನೆಯದು ಸಂಕಟಕ್ಕೆ ಸಿಕ್ಕಿದ ಮನೆಯವರ ಪ್ರಯತ್ನಕ್ಕೂ ಹಣದ ಶಕ್ತಿಗೂ ಉಳಿದುಹೋಯಿತು. ಈ ಅಸಮತೆ ಹೇಗೆ ಬೆಳೆಯಿತೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಈ ವಿಷಯವನ್ನು ರಾಜಧಾನಿಯ ಕಡೆಯಿಂದ ನೋಡುವುದಕ್ಕಿಂತ ಮಲೆನಾಡಿನ ಒಂದು ಊರಿನಿಂದ ನೋಡುವುದು ಉಚಿತವೆಂದು ತೋರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಉತ್ತರಭಾಗದಲ್ಲಿರುವ ಕೋಣಂದೂರನ್ನೇ ತೆಗೆದುಕೊಳ್ಳಬಹುದು. ದಕ್ಷಿಣಕ್ಕೆ, ವಿಜಯನಗರದ ಅರಸರ ಕಾಲದಲ್ಲಿ ಒಂದು ರಾಜ್ಯಕ್ಕೆ ಮುಖ್ಯಸ್ಥಾನವಾಗಿದ್ದ ಆರಗ. ಅನತಿದೂರದಲ್ಲಿ, ಹೊಸನಗರ ತಾಲ್ಲೂಕಿನೊಳಗೆ, ಸಾಂತರರ ಪಟ್ಟಣವಾಗಿದ್ದ ಹೊಂಬುಜ. ಸುತ್ತಲೂ ಅಡಕೆಯ ತೋಟ, ಬತ್ತದ ಗದ್ದೆ, ಕಾಡು. ಈ ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಜನ ಹೆಚ್ಚಿದರೆಂಬ ಭಯಕ್ಕಿಂತ ಜನ ಕುಗ್ಗಿದರೆಂಬ ಭಯವೇ ಮೊದಲು ಕಾಣಿಸಿಕೊಂಡಿತು.

ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ೫೦,೫೫,೪೧೨ ಆಗಿದ್ದು, ೧೮೭೬–೭೮ರ ಘೋರ ಕ್ಷಾಮದ ತರುವಾಯ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಬಯಲುಸೀಮೆ ಆ ಪೆಟ್ಟಿನಿಂದ ಕ್ರಮವಾಗಿ ಚೇತರಿಸಿಕೊಂಡಿತು. ಮಲೆನಾಡನ್ನು ಹಿಡಿದಿದ್ದ ಚಳಿಜ್ವರವಾದರೋ ಒಂದೆರಡು ವರ್ಷಗಳಲ್ಲಿ ಬಂದು ಹೋಗುವ ಕ್ಷಾಮದಂಥದಲ್ಲ; ಅದು ಪ್ರತಿವರ್ಷವೂ ಬರುತ್ತಿದ್ದಿತು. ೧೯೦೧ರಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ೫,೩೧,೭೩೬. ೧೯೧೧ರ ಮತ್ತು ೧೯೨೧ರ ಗಣತಿಗಳಲ್ಲಿ ಅದು ಇಳಿಯುತ್ತ ಹೋಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨–೧೯೧೮) ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕವಾದ ಏರ್ಪಾಡು ನಡೆದುದಕ್ಕೆ ಈ ಕುಗ್ಗುವಿಕೆಯೂ ಒಂದು ಮುಖ್ಯ ಕಾರಣ. ಜ್ವರದ ಗೆಡ್ಡೆ ಬೆಳೆದ ಬಸುರಿಯರು ಗರ್ಭವನ್ನು ಉಳಿಸಿಕೊಳ್ಳುವುದೂ, ಹುಟ್ಟಿದ ಕೂಸು ವರ್ಷ ತುಂಬುವುದೂ ನಿಶ್ಚಯವಿಲ್ಲದ ಕಾಲವದು.

ಆ ಅನಿಶ್ಚಯವು ನಮ್ಮ ಜನರ ಹೆಸರುಗಳಲ್ಲಿಯೇ ಉಳಿದುಬಂದಿದೆ. ಹಿಂದಿನ ಮಕ್ಕಳು ಸತ್ತು ಬಳಿಕ ಹುಟ್ಟಿದ ಕೂಸಿಗೆ ತಿಪ್ಪ, ಗುಂಡ, ಕಲ್ಲ, ಹುಚ್ಚ ಎಂದು ಕೀಳುಹೆಸರನ್ನಿಟ್ಟು, ಮೃತ್ಯುವಿನ ದೃಷ್ಟಿ ಅದರ ಮೇಲೆ ಬೀಳದಂತೆ ಮಾಡುವ ಪದ್ಧತಿ ಕನ್ನಡನಾಡಿನಲ್ಲೆಲ್ಲ ಇದ್ದಿತು. ಅಶ್ವತ್ಥಕಟ್ಟೆಯಲ್ಲಿ ನಾಗಶಿಲೆಯನ್ನು ನಿಲ್ಲಿಸುವುದೂ, ದೇವರಿಗೆ ಹರಕೆ ಹೊತ್ತು ಮಗುವನ್ನು ಬೇಡುವುದೂ ಇದೇ ಭಾವನೆಯಿಂದ ಹೊರಟ ಆಚಾರಗಳು. ಇವನ್ನು ಮೂಢನಂಬಿಕೆಯೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಚರಿತ್ರಕಾರನಿಗೆ ಇವು ಒಂದು ಲೆಕ್ಕದ ದಾಖಲೆಗಳು. ಎಷ್ಟು ಮಕ್ಕಳು ಬೇಕೆಂಬ ಪ್ರಶ್ನೆಗೆ ಆ ಜನರು ಕೊಡುತ್ತಿದ್ದ ಉತ್ತರದಲ್ಲಿ, ಎಷ್ಟು ಮಕ್ಕಳು ಉಳಿದಾರು ಎಂಬ ಪ್ರಶ್ನೆಯೂ ಅಡಗಿರುತ್ತಿದ್ದಿತು. ಗರ್ಭನಿರೋಧದ ಚರಿತ್ರೆಯನ್ನು ಬರೆಯುವವರು ಈ ಎರಡನೆಯ ಪ್ರಶ್ನೆಯನ್ನು ಮರೆತರೆ ಮುಂದಿನ ಸಂಗತಿಗಳು ಅರ್ಥವಾಗುವುದಿಲ್ಲ.

೩

ಇಂಥ ಮಲೆನಾಡನ್ನು ತನ್ನ ಅಂಚಿನಲ್ಲಿ ಇಟ್ಟುಕೊಂಡಿದ್ದ ಮೈಸೂರು ಸಂಸ್ಥಾನವೇ ಗರ್ಭನಿರೋಧದ ವಿಷಯದಲ್ಲಿ ಲೋಕಕ್ಕೆ ಮೊದಲಾಯಿತೆಂಬುದು ಗಮನಿಸತಕ್ಕ ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ೧೯೩೦ನೆಯ ಜೂನ್ ೧೧ರಂದು ಸಂಸ್ಥಾನದ ಪ್ರಧಾನ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಸರ್ಕಾರದವರು ಆಜ್ಞೆಮಾಡಿದರು. ಒಂದು ಸರ್ಕಾರವೇ ಮುಂದೆ ಬಂದು ಇಂಥ ಚಿಕಿತ್ಸಾಲಯವನ್ನು ನಡೆಸಿದುದು ಪ್ರಪಂಚದಲ್ಲಿ ಇದೇ ಮೊದಲೆಂದು ಹೇಳುವರು. ಮುಂಬಯಿಯಲ್ಲಿ ಆರ್. ಡಿ. ಕರ್ವೆಯವರು ೧೯೨೧ರಲ್ಲಿಯೇ ಇಂಥ ಕೆಲಸವನ್ನು ಆರಂಭಿಸಿದ್ದರೂ ಅದು ಖಾಸಗಿಯ ಸಾಹಸ. ೧೯೩೫ರ ಡಿಸೆಂಬರಿನಲ್ಲಿ ಅಮೆರಿಕೆಯ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ವಾದಿಸಿದಾಗ, ಗಾಂಧೀಜಿಯವರು ಸಂಯಮವೊಂದೇ ಮಾರ್ಗವೆಂಬ ತಮ್ಮ ನಿಲವನ್ನು ಬಿಡಲಿಲ್ಲ. ಆ ವಾದ ನಡೆಯುವ ವೇಳೆಗೆ ಮೈಸೂರಿನ ಆಜ್ಞೆಗೆ ಐದು ವರ್ಷ ಕಳೆದಿದ್ದುವು.

ಇಲ್ಲಿ ಒಂದು ಅಂಶವನ್ನು ಎತ್ತಿಹೇಳಬೇಕು. ಆ ಮೊದಲಿನ ಚಿಕಿತ್ಸಾಲಯಗಳ ಉಪದೇಶವು ಮುಖ್ಯವಾಗಿ ತಾತ್ಕಾಲಿಕ ಸಾಧನಗಳದು. ಬಳಸುವವರು ಬೇಡವೆಂದಾಗ ಅವನ್ನು ಬಿಟ್ಟರಾಯಿತು. ಹಿಂದಿರುಗುವ ದಾರಿ ಆ ಉಪಾಯದೊಳಗೇ ಇದ್ದಿತು. ಸ್ವಾತಂತ್ರ್ಯಾನಂತರವೂ ಕೆಲಕಾಲ ಇದೇ ಕ್ರಮ ನಡೆಯಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ೧೯೫೧ರಲ್ಲಿ ಬಂದ ಡಾಕ್ಟರ್ ಏಬ್ರಹಾಂ ಸ್ಟೋನ್ ಅವರು ತಿಂಗಳಿನ ಸುರಕ್ಷಿತ ದಿನಗಳನ್ನು ಎಣಿಸುವ ವಿಧಾನವನ್ನು ಬೋಧಿಸಿದರು. ಅದರ ಪರೀಕ್ಷೆಗೆ ಆರಿಸಿದ ಸ್ಥಳಗಳಲ್ಲಿ ನಮ್ಮ ರಾಮನಗರವೂ ಒಂದು. ಓದುಬರಹವಿಲ್ಲದ ಹೆಂಗಸರು ದಿನಗಳನ್ನು ಗುರುತಿಟ್ಟುಕೊಳ್ಳಲೆಂದು ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ಉಪಾಯವು ಹೆಚ್ಚು ಫಲಕಾರಿಯಾಗಲಿಲ್ಲ. ಆದರೆ ಮಣಿಯ ಸರವನ್ನು ತೆಗೆದಿಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲವೆಂಬುದನ್ನು ಮರೆಯಬಾರದು. ಸಂಯುಕ್ತ ರಾಷ್ಟ್ರಸಂಸ್ಥೆಯವರೂ ಇಂಡಿಯಾ ಸರ್ಕಾರದವರೂ ಕೂಡಿ ೧೯೫೧–೫೨ರಲ್ಲಿ ಮೈಸೂರು ರಾಜ್ಯದಲ್ಲಿ ನಡೆಸಿ ೧೯೬೧ರಲ್ಲಿ ಪ್ರಕಟಿಸಿದ ಜನಸಂಖ್ಯಾಸಮೀಕ್ಷೆಯೂ ಈ ಕಾಲದ್ದೇ.

೪

ಇನ್ನು ಕಟ್ಟುವ ಶಸ್ತ್ರಕ್ರಿಯೆಯ ಮೂಲವನ್ನು ನೋಡೋಣ. ಗರ್ಭಾಶಯದ ಎರಡು ಪಕ್ಕಗಳಿಂದ ಹೊರಟು ಅಂಡಕೋಶಗಳ ಬಳಿಯಲ್ಲಿ ಬಾಯ್ದೆರೆಯುವ ನಾಳಗಳನ್ನು ಇಟಲಿಯ ಗ್ಯಾಬ್ರಿಯೆಲ್ ಫಲೋಪಿಯೊ ಎಂಬ ಶರೀರಶಾಸ್ತ್ರಜ್ಞನು ೧೫೬೧ರಲ್ಲಿ ವರ್ಣಿಸಿದನು. ಸುಮಾರು ನಾಲ್ಕು ಅಂಗುಲ ಉದ್ದದ ಈ ನಾಳದ ಅಗಲವಾದ ಭಾಗದಲ್ಲಿಯೇ ಅಂಡ ಮತ್ತು ವೀರ್ಯಾಣುಗಳ ಸಂಯೋಗವಾಗುವುದು. ಪ್ರಸವದಲ್ಲಿ ಪ್ರಾಣಾಪಾಯವಿರುವ ಸ್ತ್ರೀಯರಿಗೆ ನಾಳವನ್ನು ಕಡಿದುಬಿಡುವುದು ಒಳ್ಳೆಯದೆಂದು ಇಂಗ್ಲೆಂಡಿನ ಜೇಮ್ಸ್ ಬ್ಲಂಡೆಲ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೂಚಿಸಿದನು. ಅಮೆರಿಕೆಯ ಒಹಾಯೊ ಪ್ರಾಂತದ ಲಂಗ್ರೆನ್ ಎಂಬಾತನು ೧೮೮೦ರಲ್ಲಿ ಅದನ್ನು ಮಾಡಿ ತೋರಿಸಿದನು. ನಾಳವನ್ನು ಕುಣಿಕೆಯಾಗಿ ಎತ್ತಿ, ಕ್ರಮೇಣ ಕರಗಿಹೋಗುವ ದಾರದಿಂದ ಕಟ್ಟಿ, ಕುಣಿಕೆಯ ತುದಿಯನ್ನು ಕತ್ತರಿಸುವ ಪೊಮೆರಾಯ್ ವಿಧಾನವು, ಅದನ್ನು ಕಂಡುಹಿಡಿದ ವೈದ್ಯನು ತೀರಿಕೊಂಡ ಬಳಿಕ, ೧೯೩೦ರಲ್ಲಿ ಪ್ರಕಟವಾಯಿತು. ಮೈಸೂರಿನ ಚಿಕಿತ್ಸಾಲಯಗಳ ಆಜ್ಞೆ ಹೊರಟದ್ದೂ ಅದೇ ವರ್ಷವೆಂಬುದು ಕಾಕತಾಳೀಯ. ಮುಂದೆ ಎರಡೂ ಒಂದೇ ದಾರಿಗೆ ಬಂದು ಸೇರಿದುವು.

ಇಂಡಿಯಾ ದೇಶವು ೧೯೫೨ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಅಂಗೀಕರಿಸಿತು. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಇಟ್ಟ ಹಣ ೬೫ ಲಕ್ಷ ರೂಪಾಯಿ. ೧೯೬೦ರ ದಶಕದಲ್ಲಿ ಗುರಿಗಳೂ ಅಂಕಿಗಳೂ ಬಂದುವು. ೧೯೭೧ರ ಜುಲೈ ತಿಂಗಳಲ್ಲಿ ಕೇರಳದ ಎರ್ನಾಕುಳದಲ್ಲಿ ನಡೆದ ಒಂದೇ ಶಿಬಿರದಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕ ಪುರುಷರು ಶಸ್ತ್ರಕ್ರಿಯೆಗೆ ಒಳಗಾದರು. ೧೯೭೫ರಿಂದ ೧೯೭೭ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ಕ್ರಮವು ಅತಿರೇಕಕ್ಕೆ ಮುಟ್ಟಿತು: ೧೯೭೬–೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳು ನಡೆದುವು, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಪುರುಷರವು. ಮರುವರ್ಷ ಆ ಸಂಖ್ಯೆ ಹತ್ತು ಲಕ್ಷಕ್ಕೂ ಕೆಳಗೆ ಬಿದ್ದಿತು. ‘ಕುಟುಂಬ ಯೋಜನೆ’ಯೆಂಬ ಹೆಸರು ೧೯೭೭ರಲ್ಲಿ ‘ಕುಟುಂಬ ಕಲ್ಯಾಣ’ವಾಯಿತು.

ಹೆಸರಿನ ಜತೆಗೆ ಭಾರವೂ ಹೆಗಲನ್ನು ಬದಲಿಸಿತು. ಪುರುಷರು ಹಿಂದೆಗೆದರು, ಸ್ತ್ರೀಯರು ಮುಂದೆ ನಿಲ್ಲಬೇಕಾಯಿತು. ಉದರದರ್ಶಕ ಯಂತ್ರದಿಂದ ನಾಳಕ್ಕೆ ಉಂಗುರ ತೊಡಿಸುವ ಕ್ರಮವು ಶಿಬಿರಗಳಿಗೆ ಅನುಕೂಲವಾಯಿತು. ಹಳ್ಳಿಗಳಲ್ಲಿ ‘ಆಪರೇಷನ್ ಆಗಿದೆ’ ಎಂದು ಒಬ್ಬ ಹೆಣ್ಣುಮಗಳನ್ನು ಕುರಿತು ಹೇಳಿದರೆ ಯಾವ ಆಪರೇಷನ್ ಎಂದು ಯಾರೂ ಕೇಳದಷ್ಟು ಇದು ರೂಢವಾಯಿತು. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹದಿನೈದರಿಂದ ನಲವತ್ತೊಂಬತ್ತು ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಇಂಡಿಯಾ ದೇಶದಲ್ಲಿ ಶೇಕಡ ೩೭.೯ ಮಂದಿಯೂ, ಕರ್ನಾಟಕದಲ್ಲಿ ಶೇಕಡ ೫೭.೪ ಮಂದಿಯೂ ಈ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು. ಪುರುಷರ ಶಸ್ತ್ರಕ್ರಿಯೆಯ ಪ್ರಮಾಣ ಇಡೀ ದೇಶದಲ್ಲಿ ಶೇಕಡ ೦.೩ ಮಾತ್ರ. ಈ ಬಗೆಯ ಅಂಕಿಗಳಿಗೆ ವ್ಯಾಖ್ಯಾನ ಬೇಕಿಲ್ಲ.

ಸ್ತ್ರೀಯರಿಗೆ ತಮ್ಮ ಶರೀರದ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಕೊಡಬೇಕೆಂದು ಶ್ರಮಿಸಿದವರಲ್ಲಿ ಅಗ್ರಗಣ್ಯರಾದ ಡಾಕ್ಟರ್ ಅನುಪಮಾ ನಿರಂಜನ ಅವರು ೧೯೩೪ರಲ್ಲಿ ಹುಟ್ಟಿದುದು ಇದೇ ತೀರ್ಥಹಳ್ಳಿಯಲ್ಲಿ. ಅವರ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಮೊದಲಾದ ಗ್ರಂಥಗಳು ಎಷ್ಟೋ ಮನೆಗಳನ್ನು ಹೊಕ್ಕಿವೆ. ಅವರ ‘ಮಾಧವಿ’ ಕಾದಂಬರಿ ಪ್ರಕಟವಾದದ್ದು ೧೯೭೬ರಲ್ಲಿ. ಗುರುದಕ್ಷಿಣೆಯ ಕುದುರೆಗಳಿಗಾಗಿ ಅರಸನಿಂದ ಅರಸನಿಗೆ ಒಪ್ಪಿಸಲ್ಪಟ್ಟು, ಪ್ರತಿಯೊಂದು ಹೆರಿಗೆಯ ಬಳಿಕವೂ ಕನ್ಯಾತ್ವವನ್ನು ಮರಳಿ ಪಡೆಯುವ ವರವುಳ್ಳ ಮಹಾಭಾರತದ ಮಾಧವಿಯೇ ಅದರ ನಾಯಿಕೆ. ತುರ್ತುಪರಿಸ್ಥಿತಿಗೂ ಆ ಕೃತಿಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಸ್ತ್ರೀಯ ಗರ್ಭವು ಇತರರ ಲೆಕ್ಕಕ್ಕೆ ಸಲ್ಲುವುದು ನಮ್ಮ ಪುರಾಣಗಳಿಗೂ ಹೊಸದಲ್ಲವೆಂಬುದನ್ನು ಸಾಹಿತ್ಯವನ್ನು ಬೋಧಿಸುವವರು ನೆನೆಯಬಹುದು. ಮಾಧವಿಯ ದೇಹವು ಮೊದಲಿನಂತಾಗುತ್ತಿದ್ದುದು ಕೊಡುವವರ ಅನುಕೂಲಕ್ಕೆ, ಅವಳ ಇಚ್ಛೆಗಲ್ಲ.

೫

ಕಟ್ಟಿದುದನ್ನು ಬಿಚ್ಚುವ ಪ್ರಯತ್ನವು ಮೊದಲು ಸಫಲವಾಗಿ ಕಂಡದ್ದು ಪುರುಷರಲ್ಲಿ. ಮುಂಬಯಿಯ ಜಿ. ಎಂ. ಫಡ್ಕೆ ಮತ್ತು ಎ. ಜಿ. ಫಡ್ಕೆ ಎಂಬ ವೈದ್ಯರು ಎಪ್ಪತ್ತಾರು ಮಂದಿಯ ವೀರ್ಯನಾಳಗಳನ್ನು ಮರಳಿ ಕೂಡಿಸಿದ ತಮ್ಮ ಅನುಭವವನ್ನು ೧೯೬೭ರಲ್ಲಿ ಪ್ರಕಟಿಸಿದರು. ಸ್ತ್ರೀಯರ ಅಂಡನಾಳವನ್ನು ಕೂಡಿಸುವುದು ಇದಕ್ಕಿಂತ ಕಠಿನವಾದ ಕೆಲಸ. ಅದರ ಇಕ್ಕಟ್ಟಾದ ಭಾಗದ ರಂಧ್ರವು ಒಂದು ಮಿಲಿಮೀಟರಿಗಿಂತ ಹೆಚ್ಚಿಲ್ಲ; ಒಳಗಿನ ಪೊರೆಯ ಸೂಕ್ಷ್ಮವಾದ ರೋಮಗಳು ಅಂಡವನ್ನು ಮುಂದಕ್ಕೆ ಸಾಗಿಸತಕ್ಕವು. ಬರಿಗಣ್ಣಿನಿಂದ ದಪ್ಪದಾರದಲ್ಲಿ ಹೊಲಿದರೆ ತೂತು ಮುಚ್ಚಿಹೋಗುತ್ತಿದ್ದಿತು. ಮುಚ್ಚದಿದ್ದರೂ ಸುತ್ತಲಿನ ಅಂಗಗಳು ಅಂಟಿಕೊಂಡು ನಾಳವು ನಿಷ್ಪ್ರಯೋಜಕವಾಗುತ್ತಿದ್ದಿತು.

ಈ ತೊಡಕನ್ನು ಬಿಡಿಸಿದುದು ಸೂಕ್ಷ್ಮದರ್ಶಕ. ಸ್ವೀಡನ್ನಿನ ಕಾರ್ಲ್ ನೀಲೆನ್ ೧೯೨೧ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಗೆ ಅದನ್ನು ಮೊದಲು ಬಳಸಿದನು. ಅದೇ ದೇಶದ ಕುರ್ಟ್ ಸ್ವೊಲಿನ್ ೧೯೬೭ರಲ್ಲಿ ಅಂಡನಾಳದ ಚಿಕಿತ್ಸೆಗೆ ಭೂತಗನ್ನಡಿಯನ್ನೂ, ಅಂಗಗಳನ್ನು ಆದಷ್ಟು ಮೃದುವಾಗಿ ಮುಟ್ಟುವ ಕ್ರಮವನ್ನೂ ತಂದನು. ೧೯೭೭ರಲ್ಲಿ ಕೆನಡಾದ ವಿಕ್ಟರ್ ಗೋಮೆಲ್, ಲಂಡನ್ನಿನ ರಾಬರ್ಟ್ ವಿನ್‌ಸ್ಟನ್ ಇವರಿಬ್ಬರೂ ಬೇರೆ ಬೇರೆಯಾಗಿ ಸೂಕ್ಷ್ಮಶಸ್ತ್ರಕ್ರಿಯೆಯಿಂದ ನಾಳಪುನಸ್ಸಂಧಾನ ಮಾಡಿದ ವರದಿಗಳನ್ನು ಪ್ರಕಟಿಸಿದರು. ನಮ್ಮ ದೇಶವು ತುರ್ತುಪರಿಸ್ಥಿತಿಯ ಕಷ್ಟದಿಂದ ಹೊರಬಂದ ವರ್ಷವೇ ಅದು.

ಕ್ರಿಯೆಯ ಸ್ವರೂಪ ಹೀಗಿದೆ. ಮೊದಲು ನಾಳದ ಕಟ್ಟಿದ ಭಾಗದಲ್ಲಿ ಬೆಳೆದಿರುವ ಗಾಯದ ಗಂಟನ್ನು ತೆಗೆದು, ಎರಡು ತುದಿಗಳಲ್ಲಿಯೂ ಒಳಪೊರೆಯು ಆರೋಗ್ಯವಾಗಿ ಕಾಣುವವರೆಗೆ ತೆಳುವಾಗಿ ಕತ್ತರಿಸುವರು. ನೀಲಿಯ ಬಣ್ಣದ ನೀರನ್ನು ಗರ್ಭಾಶಯದ ಕಡೆಯಿಂದ ಹಾಯಿಸಿ ದಾರಿ ತೆರೆದಿದೆಯೇ ಎಂದು ನೋಡುವರು. ಬಳಿಕ ಕೂದಲಿಗಿಂತ ಸಣ್ಣದಾದ ನೈಲಾನ್ ಎಳೆಯಿಂದ ನಾಲ್ಕು ದಿಕ್ಕುಗಳಲ್ಲಿ ಹೊಲಿಗೆ ಹಾಕಿ, ಮೇಲಿನ ಪದರವನ್ನು ಪ್ರತ್ಯೇಕವಾಗಿ ಕೂಡಿಸುವರು. ಆದ್ದರಿಂದ ಫಲವು ಕೂಡಿಸುವವನ ಕೈಯನ್ನಷ್ಟೇ ಅಲ್ಲದೆ ಹಿಂದೆ ಕಟ್ಟಿದವನ ಕೈಯನ್ನೂ ಅವಲಂಬಿಸಿರುತ್ತದೆ. ಸಣ್ಣ ಹಿಡಿಕೆಯನ್ನು ಹಾಕಿದ್ದಲ್ಲಿ ಕೆಡುವ ಭಾಗ ಅತ್ಯಲ್ಪ; ಉಂಗುರದಿಂದ ಸ್ವಲ್ಪ ಹೆಚ್ಚು; ವಿದ್ಯುತ್ತಿನಿಂದ ಸುಟ್ಟಿದ್ದರೆ ಬಹಳ. ನಾಲ್ಕು ಸೆಂಟಿಮೀಟರಿಗೆ ಕಡಮೆಯಿಲ್ಲದಷ್ಟು ನಾಳ ಉಳಿದಿದ್ದರೆ ಆಸೆ ಹೆಚ್ಚು. ಎಲ್ಲಕ್ಕಿಂತಲೂ ಮುಖ್ಯವಾದುದು ಸ್ತ್ರೀಯ ವಯಸ್ಸು. ಅನೇಕ ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದ ಒಂದು ಪರಾಮರ್ಶೆಯಂತೆ, ಈ ಕ್ರಿಯೆಯ ಬಳಿಕ ನೂರರಲ್ಲಿ ೪೨ರಿಂದ ೬೯ ಮಂದಿ ಗರ್ಭವತಿಯರಾದರು; ನಾಳದಲ್ಲಿಯೇ ಗರ್ಭ ನಿಲ್ಲುವ ಅಪಾಯವು ನೂರಕ್ಕೆ ನಾಲ್ಕರಿಂದ ಎಂಟರಷ್ಟು. ಹೀಗೆ ಇದು ಹುಸಿಯಾದ ಆಸೆಯೂ ಅಲ್ಲ, ಖಂಡಿತವಾದ ಭರವಸೆಯೂ ಅಲ್ಲ.

೧೯೭೮ರಲ್ಲಿ ಇಂಗ್ಲೆಂಡಿನಲ್ಲಿ ಜುಲೈ ೨೫ರಂದೂ, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಅಕ್ಟೋಬರ್ ೩ರಂದೂ, ದೇಹದ ಹೊರಗೆ ಗರ್ಭಾಂಕುರವಾದ ಶಿಶುಗಳು ಜನಿಸಿದುವು. ನಾಳವನ್ನೇ ಬಿಟ್ಟು ಹೋಗುವ ಈ ಹೊಸ ದಾರಿ ಬಂದಮೇಲೆ ಪುನಸ್ಸಂಧಾನವನ್ನು ಕಲಿಯುವ ಶಸ್ತ್ರವೈದ್ಯರು ವಿರಳರಾಗುತ್ತ ಬಂದರು. ಆದರೆ ನಾಳವನ್ನು ಒಮ್ಮೆ ಸರಿಯಾಗಿ ಕೂಡಿಸಿದರೆ ಮುಂದಿನ ಪ್ರತಿ ತಿಂಗಳೂ ಅವಕಾಶವುಂಟು. ಹೊಸ ದಾರಿಯಲ್ಲಿ ಪ್ರತಿಯೊಂದು ಪ್ರಯತ್ನಕ್ಕೂ ಬೇರೆ ಬೇರೆಯಾಗಿ ಹಣವನ್ನು ತೆರಬೇಕು.

೬

ಈ ಶಸ್ತ್ರಕ್ರಿಯೆಯನ್ನು ಬೇಡಿ ಬರುವವರು ಯಾರು? ಮನಸ್ಸು ಚಂಚಲವಾದವರು ಎಂದು ಎಣಿಸುವುದು ತಪ್ಪು. ಅಮೆರಿಕೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಹದಿನಾಲ್ಕು ವರ್ಷಗಳವರೆಗೆ ವಿಚಾರಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂವತ್ತು ವರ್ಷದೊಳಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಪಶ್ಚಾತ್ತಾಪವು ಶೇಕಡ ೨೦.೩ರಷ್ಟೂ, ಅದಕ್ಕಿಂತ ಹಿರಿಯರಲ್ಲಿ ಶೇಕಡ ೫.೯ರಷ್ಟೂ ಕಂಡುಬಂದಿತು. ಚಿಕ್ಕವಯಸ್ಸಿನಲ್ಲಿ ಮಾಡಿದ ನಿರ್ಣಯಕ್ಕೆ ಮುಂದೆ ಬಾಳಬೇಕಾದ ಕಾಲ ಉದ್ದ. ಆ ಉದ್ದಕ್ಕೂ ಬದುಕು ಹಾಗೆಯೇ ನಿಲ್ಲುವುದಿಲ್ಲ. ನಮ್ಮಲ್ಲಾದರೋ ಬೇಗನೆ ಮದುವೆಯಾಗಿ, ಬೇಗನೆ ಎರಡು ಮಕ್ಕಳನ್ನು ಹೆತ್ತು, ಎರಡನೆಯ ಬಾಣಂತನದಲ್ಲಿಯೇ ಶಸ್ತ್ರಕ್ರಿಯೆಯನ್ನೂ ಮುಗಿಸಿಕೊಳ್ಳುವುದು ಸಾಮಾನ್ಯ. ಅನಂತರ ಗಂಡನು ತೀರಿಕೊಂಡು ಮರುಮದುವೆಯಾದವರೂ, ಮಗುವನ್ನು ಕಳೆದುಕೊಂಡವರೂ ವೈದ್ಯರ ಬಾಗಿಲಿಗೆ ಬರುವರು. ಎರಡನೆಯ ಕಾರಣವೇ ಅತ್ಯಂತ ಹೃದಯವಿದ್ರಾವಕವಾದುದು.

ಇದು ಸಮಸ್ತ ಲೋಕಕ್ಕೂ ತಿಳಿದುಬಂದದ್ದು ೨೦೦೪ನೆಯ ಡಿಸೆಂಬರ್ ೨೬ರ ಕಡಲ ಹಾವಳಿಯಲ್ಲಿ. ತಮಿಳುನಾಡಿನ ನಾಗಪಟ್ಟಣದ ತೀರದಲ್ಲಿ ಎಷ್ಟೋ ಬೆಸ್ತರ ಮನೆಗಳಲ್ಲಿ ಮಕ್ಕಳು ನೀರಿನ ಪಾಲಾದರು. ತಾಯಂದಿರಲ್ಲಿ ಬಹುಮಂದಿಗೆ ಈ ಶಸ್ತ್ರಕ್ರಿಯೆ ಮೊದಲೇ ಆಗಿದ್ದಿತು. ಆಗ ಆ ರಾಜ್ಯದ ಸರ್ಕಾರದವರು ಪುನಸ್ಸಂಧಾನದ ವೆಚ್ಚವನ್ನು ತಾವೇ ವಹಿಸುವುದಾಗಿ ಸಾರಿದರು. ೨೦೦೮ರಲ್ಲಿ ಚೀನದ ಸಿಚುವಾನ್ ಪ್ರಾಂತದಲ್ಲಿ ಭೂಕಂಪವಾದಾಗ ಅಲ್ಲಿನ ಸರ್ಕಾರವೂ ಇದೇ ಶಸ್ತ್ರಕ್ರಿಯೆಗಾಗಿ ವೈದ್ಯರನ್ನು ಕಳುಹಿಸಿತು. ಎರಡು ಕಡೆಗಳಲ್ಲಿಯೂ ತತ್ತ್ವವೊಂದೇ: ಮಕ್ಕಳು ಉಳಿಯುವರೆಂಬ ನಂಬಿಕೆಯ ಮೇಲೆ ರಾಜ್ಯದ ಮಾತನ್ನು ಕೇಳಿದವರ ನಂಬಿಕೆ ಮುರಿದರೆ, ಹಿಂದಿರುಗುವ ದಾರಿಯನ್ನು ತೋರುವ ಹೊಣೆ ರಾಜ್ಯದ್ದು.

ತತ್ತ್ವವು ಸರಿಯಾದುದೇ. ಆದರೆ ಒಂದು ತೀರವೆಲ್ಲ ಕೊಚ್ಚಿಹೋದಾಗ ಸಲ್ಲುವ ತತ್ತ್ವವು, ಒಂದು ಮನೆಯ ಒಂದು ಮಗು ಕೆರೆಗೆ ಬಿದ್ದಾಗ, ಹಾವು ಕಚ್ಚಿದಾಗ, ಜ್ವರಕ್ಕೆ ತುತ್ತಾದಾಗ ಏಕೆ ಸಲ್ಲಬಾರದು? ದುಃಖವು ಸಂಖ್ಯೆಯಿಂದ ಗುಣಿತವಾದಾಗ ಮಾತ್ರ ರಾಜ್ಯದ ಕಣ್ಣಿಗೆ ಬೀಳುವುದಾದರೆ ಅದು ಗಣಿತವೇ ಹೊರತು ನ್ಯಾಯವಲ್ಲ. ಸರ್ಕಾರದ ನಿಯಮಗಳೂ ಈ ಅನಿಶ್ಚಯವನ್ನು ಬಲ್ಲವು. ಶಸ್ತ್ರಕ್ರಿಯೆಗೆ ಬರುವ ಸ್ತ್ರೀಗೆ ಇಪ್ಪತ್ತೆರಡು ವರ್ಷ ಮೀರಿರಬೇಕೆಂದೂ, ದಂಪತಿಗಳಿಗೆ ಒಂದು ವರ್ಷ ದಾ‌ಟಿದ ಒಂದು ಮಗುವಾದರೂ ಇರಬೇಕೆಂದೂ ೨೦೦೬ರ ರಾಷ್ಟ್ರೀಯ ನಿಯಮಾವಳಿ ವಿಧಿಸಿತು. ವರ್ಷ ತುಂಬಿದ ಕೂಸು ಉಳಿಯುವುದೆಂಬ ಈ ಲೆಕ್ಕವು, ತಿಪ್ಪನೆಂದು ಹೆಸರಿಟ್ಟ ಅಜ್ಜಿಯ ಲೆಕ್ಕಕ್ಕೆ ದೂರವಾದುದೇನಲ್ಲ. ಶಸ್ತ್ರಕ್ರಿಯೆ ವಿಫಲವಾಗಿ ಬೇಡದ ಮಗು ಹುಟ್ಟಿದರೆ ಪರಿಹಾರಧನವನ್ನು ಕೊಡುವ ಏರ್ಪಾಡು ೨೦೦೫ರಿಂದ ದೇಶದಲ್ಲೆಲ್ಲ ಜಾರಿಗೆ ಬಂದಿತು. ಶಸ್ತ್ರಕ್ರಿಯೆ ಸಫಲವಾಗಿ, ಇದ್ದ ಮಗು ಹೋದರೆ, ಆ ಏರ್ಪಾಡಿನಲ್ಲಿ ಅದಕ್ಕೆ ಸ್ಥಾನವಿಲ್ಲ.

ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಪುನಸ್ಸಂಧಾನವು ನಡೆಯದೆ ಇರಲಿಲ್ಲ. ಆದರೆ ಕಟ್ಟುವ ಕ್ರಿಯೆಯು ಶಿಬಿರವಾಗಿ ತಾಲ್ಲೂಕಿನ ಬಾಗಿಲಿಗೆ ಬಂದಂತೆ ಕೂಡಿಸುವ ಕ್ರಿಯೆ ಎಂದೂ ಬರಲಿಲ್ಲ, ಬರುವಂತೆಯೂ ಇಲ್ಲ. ಸೂಕ್ಷ್ಮದರ್ಶಕವೂ ನುರಿತ ಕೈಯೂ ದೊಡ್ಡ ಪಟ್ಟಣಗಳಲ್ಲಿರುವುವು. ಕೋಣಂದೂರಿನ ಕಡೆಯವರು ಹೆರಿಗೆಗೆಂದು ತೀರ್ಥಹಳ್ಳಿಗೆ ಹೋಗಿ ಅಲ್ಲಿಯೇ ನಾಳವನ್ನು ಕಟ್ಟಿಸಿಕೊಂಡು ಬರಬಹುದು. ಕೂಡಿಸಬೇಕಾದರೆ ಪೂರ್ವಕ್ಕೆ ಶಿವಮೊಗ್ಗವನ್ನೋ, ಪಶ್ಚಿಮಕ್ಕೆ ಆಗುಂಬೆಯ ಘಟ್ಟವನ್ನಿಳಿದು ಮಣಿಪಾಲವನ್ನೋ, ಇಲ್ಲವೆ ಬೆಂಗಳೂರನ್ನೋ ಸೇರಿ ವಿಚಾರಿಸಬೇಕು. ಕೂಲಿಯಿಂದ ಜೀವಿಸುವವರಿಗೆ ಈ ದಾರಿಯ ಉದ್ದವೇ ಒಂದು ನಿಷೇಧ.

೭

ಇದಕ್ಕೆ ಒಂದು ಆಕ್ಷೇಪವುಂಟು. ಬಿಚ್ಚಬಹುದೆಂದು ಸಾರಿದರೆ ಜನರು ಈ ಶಸ್ತ್ರಕ್ರಿಯೆಯನ್ನು ತಾತ್ಕಾಲಿಕವೆಂದು ತಿಳಿದು ಮೋಸಹೋಗುವರೆಂದು ಕೆಲವು ವೈದ್ಯರು ಹೇಳುವರು. ಅವರ ಮಾತಿನಲ್ಲಿ ಸತ್ಯವಿದೆ. ನೂರರಲ್ಲಿ ಮೂವತ್ತು ಮಂದಿಗಾದರೂ ಫಲಿಸದ ಕ್ರಿಯೆಯನ್ನು ಆಶ್ವಾಸನೆಯೆಂದು ಕೊಡಲಾಗದು. ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದು ಬೇರೊಂದು ಸಂಗತಿ. ಮರಳಲು ಕಷ್ಟವಾದ ದಾರಿಗೆ ಜನರನ್ನು ಕರೆಯುವಾಗ ಅವಸರಪಡಿಸಬಾರದು. ಮರಳಲು ಸುಲಭವಾದ ದಾರಿಗಳನ್ನು ಮೊದಲು ತೋರಿಸಬೇಕು. ೨೦೧೪ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಹದಿಮೂರು ಮಂದಿ ಸ್ತ್ರೀಯರು ಪ್ರಾಣಬಿಟ್ಟರು. ೨೦೧೬ರ ಸೆಪ್ಟೆಂಬರ್ ೧೪ರಂದು ಸರ್ವೋಚ್ಚ ನ್ಯಾಯಾಲಯವು ದೇವಿಕಾ ಬಿಸ್ವಾಸರ ಮೊಕದ್ದಮೆಯಲ್ಲಿ ತೀರ್ಪನ್ನಿತ್ತು, ಇಂಥ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸಬೇಕೆಂದು ಸೂಚಿಸಿತು. ಗುರಿಗಾಗಿ ನಡೆಯುವ ಚಿಕಿತ್ಸೆ ಚಿಕಿತ್ಸೆಯಲ್ಲವೆಂಬ ಮಾತನ್ನು ನ್ಯಾಯಸ್ಥಾನವೂ ಒಪ್ಪಿದಂತಾಯಿತು.

ಮೈಸೂರಿನ ಸರ್ಕಾರದವರು ೧೯೩೦ರಲ್ಲಿ ತೆರೆದ ಬಾಗಿಲನ್ನು ಕುರಿತು ನಾವು ಹೆಮ್ಮೆಪಡುವುದು ಯುಕ್ತವೇ. ಅದರ ವಿಶೇಷವು ಮೊದಲು ತೆರೆದರೆಂಬುದರಲ್ಲಿ ಮಾತ್ರವಿಲ್ಲ. ಒಳಗೆ ಹೋದವರು ಹೊರಕ್ಕೆ ಬರಬಹುದಾಗಿದ್ದಿತೆಂಬುದರಲ್ಲಿಯೂ ಇದೆ. ಆ ಗುಣವು ಮುಂದಿನ ಅರ್ಧಶತಮಾನದ ಅವಸರದಲ್ಲಿ ಕಳೆದುಹೋಯಿತು. ಸೂಕ್ಷ್ಮಶಸ್ತ್ರಕ್ರಿಯೆಯು ಅದನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ತರಬಲ್ಲುದು. ಮಗುವನ್ನು ಕಳೆದುಕೊಂಡ ತಾಯಿಯು ಬೇಡಿದಲ್ಲಿ, ಅವಳ ವಯಸ್ಸೂ ಉಳಿದಿರುವ ನಾಳವೂ ಅನುಕೂಲವಾಗಿದ್ದಲ್ಲಿ, ಈ ಚಿಕಿತ್ಸೆಯನ್ನು ಹಾದಿಯ ಖರ್ಚು ಸಹಿತವಾಗಿ ಧರ್ಮಾರ್ಥವಾಗಿ ಒದಗಿಸುವುದು, ಕಟ್ಟಿಸಿದ ರಾಜ್ಯವು ತೀರಿಸಬೇಕಾದ ಋಣ.

ಕಡೆಯದಾಗಿ, ನಾವು ಆರಂಭಿಸಿದ ಪದಕ್ಕೇ ಹಿಂದಿರುಗೋಣ. ನಮ್ಮ ಹಿಂದಿನ ಕಾವ್ಯಗಳನ್ನು ಓದಿದವರಿಗೆ ‘ಹರಣ’ಕ್ಕೆ ಇನ್ನೊಂದು ಅರ್ಥವಿರುವುದು ಗೊತ್ತು. ಸಂಸ್ಕೃತದ ‘ಪ್ರಾಣ’ವು ಕನ್ನಡಕ್ಕೆ ತದ್ಭವವಾಗಿ ಬಂದು, ಆದಿಯ ಪಕಾರವು ಹಕಾರವಾಗಿ ‘ಹರಣ’ವಾಯಿತು, ಅದರ ಅರ್ಥ ಜೀವ. ಒಂದೇ ಉಚ್ಚಾರಣೆಯುಳ್ಳ ಎರಡು ಪದಗಳು, ಒಂದು ಕಳೆಯುವುದನ್ನೂ ಇನ್ನೊಂದು ಬದುಕುವುದನ್ನೂ ಹೇಳುತ್ತ, ನಮ್ಮ ನಿಘಂಟಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಸರ್ಕಾರದ ಪರಿಭಾಷೆಯು ಇವೆರಡರಲ್ಲಿ ಮೊದಲನೆಯದನ್ನು ಆರಿಸಿಕೊಂಡಿತು. ಎರಡನೆಯದಕ್ಕೆ ಸಲ್ಲುವ ಪದವೊಂದನ್ನು ಕೊಡುವುದು ವಿದ್ವಾಂಸರ ಕೆಲಸ. ಅದಕ್ಕೆ ಸಲ್ಲುವ ಏರ್ಪಾಡನ್ನು ಮಾಡುವುದು ರಾಜ್ಯದ ಕೆಲಸ.